ಬೆಂಡ್ ತೆಗೆಸೋದಾ, ಬದಲಾಯಿಸೋದಾ? ಸೊಟ್ಟಗಾದ ಅಲಾಯ್ ವೀಲಿನ ವಿಜ್ಞಾನ

ಜೀವಕೋಶ, ಕಿಣ್ವ, ಡಿಎನ್‌ಎ ಅಂತ ಮಾತಾಡುವ ನಾವು ಇವತ್ತು ಕಾರಿನ ಚಕ್ರದ ಹತ್ತಿರ ಬಂದು ನಿಂತಿದ್ದೇವೆ. ಕಾರಣ ಇದೆ. ವಾಷಿಂಗ್ಟನ್ ಡಿ.ಸಿ. ಸುತ್ತಮುತ್ತ, ಕ್ಯಾರೊಲೈನಾಗಳಲ್ಲಿ, ಅಟ್ಲಾಂಟದಲ್ಲಿ ಇರುವ ಕನ್ನಡದ ಮನೆಗಳಲ್ಲಿ ಚಳಿಗಾಲ ಮುಗಿಯುವ ಹೊತ್ತಿಗೆ ಒಂದು ಮಾತು ಬಂದೇ ಬರುತ್ತೆ: "ಗುಂಡಿಗೆ ಬಿದ್ದು ರಿಮ್ ಬೆಂಡ್ ಆಗಿದೆ. ಬೆಂಡ್ ತೆಗೆಸಿದ್ರೆ ಸಾಕಾ, ಹೊಸದೇ ಹಾಕಿಸಬೇಕಾ?"

ಪ್ರಶ್ನೆ ಸಣ್ಣದು ಅನ್ನಿಸಬಹುದು. ಆದರೆ ಅದೇ ಚಕ್ರದ ಮೇಲೆ ಅಪ್ಪ, ಅಮ್ಮ, ಮಕ್ಕಳನ್ನೆಲ್ಲ ಕೂರಿಸಿಕೊಂಡು ಗಂಟೆಗೆ 65 ಮೈಲಿ ವೇಗದಲ್ಲಿ ಹೋಗುವವರು ನಾವೇ ತಾನೆ? ಡಿ.ಸಿ.ಯಿಂದ ಅಟ್ಲಾಂಟಕ್ಕೆ ಹೆಚ್ಚುಕಡಿಮೆ 640 ಮೈಲಿ. ಪೀಟರ್ಸ್‌ಬರ್ಗ್ ತನಕ ಐ-95, ಅಲ್ಲಿಂದ ಐ-85 ಹಿಡಿದು ಡರಮ್, ಗ್ರೀನ್ಸ್‌ಬರೊ, ಶಾರ್ಲಟ್, ಗ್ರೀನ್‌ವಿಲ್ ದಾಟಿ ಹೋಗಬೇಕು. ಅಷ್ಟು ದೂರಕ್ಕೆ ಒಂದೊಂದು ಚಕ್ರವೂ ಸುಮಾರು 5 ಲಕ್ಷ ಸುತ್ತು ತಿರುಗುತ್ತೆ. ಈ ಐದು ಲಕ್ಷವನ್ನು ನೆನಪಲ್ಲಿ ಇಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಗುಂಡಿ ಎಲ್ಲಿಂದ ಬರುತ್ತೆ

ನೀರು ಹೆಪ್ಪುಗಟ್ಟಿದಾಗ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತೆ. ರಸ್ತೆಯ ಡಾಂಬರಿನಲ್ಲಿ ಕೂದಲೆಳೆ ಬಿರುಕಿದ್ದರೂ ಸಾಕು, ಹಗಲು ನೀರು ಒಳಗಿಳಿಯುತ್ತೆ, ರಾತ್ರಿ ಮಂಜುಗಡ್ಡೆಯಾಗಿ ಬಿರುಕನ್ನು ಇನ್ನಷ್ಟು ಅಗಲಿಸುತ್ತೆ. ಬೆಳಗ್ಗೆ ಅದು ಕರಗಿದಾಗ ಕೆಳಗೆ ಪೊಳ್ಳು ಉಳಿಯುತ್ತೆ. ಮೇಲೆ ಲಾರಿ ಹೋದರೆ ಆ ಪೊಳ್ಳಿನ ಮೇಲಿನ ಡಾಂಬರು ಹಪ್ಪಳದ ಹಾಗೆ ಮುರಿದು ಒಳಕ್ಕೆ ಕುಸಿಯುತ್ತೆ.

ಇಲ್ಲಿ ಗಮನಿಸಬೇಕಾದದ್ದು ಚಳಿಯ ಪ್ರಮಾಣ ಅಲ್ಲ, ಅದು ಎಷ್ಟು ಸಲ ಸೊನ್ನೆ ಡಿಗ್ರಿಯ ಗೆರೆ ದಾಟುತ್ತೆ ಅನ್ನೋದು. ಮಿನಿಸೋಟದಂಥ ಕಡೆ ನಡುಚಳಿಗಾಲದಲ್ಲಿ ನೆಲ ಒಂದೇ ಸಮನೆ ಗಟ್ಟಿಯಾಗಿರುತ್ತೆ. ಡಿ.ಸಿ.ಯಲ್ಲಿ ಹಾಗಲ್ಲ. ರಾತ್ರಿ ಸೊನ್ನೆಗಿಂತ ಕೆಳಗೆ, ಮಧ್ಯಾಹ್ನ ಮೇಲೆ, ಮತ್ತೆ ರಾತ್ರಿ ಕೆಳಗೆ. ಹೆಪ್ಪು, ಕರಗು, ಹೆಪ್ಪು, ಕರಗು. ಡಿ.ಸಿ. ಸಾರಿಗೆ ಇಲಾಖೆ 2009ರಿಂದ ವಸಂತದಲ್ಲಿ 'ಪಾಟ್‌ಹೋಲ್‌ಪಲೂಜಾ' ಅಂತ ಗುಂಡಿ ಮುಚ್ಚುವ ಅಭಿಯಾನವನ್ನೇ ನಡೆಸುತ್ತಾ ಬಂದಿದೆ.

ಅಟ್ಲಾಂಟದಲ್ಲಿ ಹೆಪ್ಪುಗಟ್ಟುವ ರಾತ್ರಿಗಳು ಕಡಿಮೆ. ಆದರೆ ಮಳೆ ಜಾಸ್ತಿ, ರಸ್ತೆ ಅಗೆದ ಕಡೆ ಮುಚ್ಚುವ ದಪ್ಪ ಕಬ್ಬಿಣದ ಹಾಳೆಗಳೂ ಜಾಸ್ತಿ. ಮೇಯರ್ ಶರ್ಲಿ ಫ್ರ್ಯಾಂಕ್ಲಿನ್ 2002ರಲ್ಲಿ ಅಧಿಕಾರಕ್ಕೆ ಬಂದಾಗ ಗುಂಡಿ ಮುಚ್ಚಲೆಂದೇ 'ಪಾಟ್‌ಹೋಲ್ ಪಾಸಿ' ಅನ್ನುವ ತಂಡ ಕಟ್ಟಿದ್ದರು. ಬೆಂಗಳೂರು, ಮಂಗಳೂರು, ಮಲೆನಾಡಿನ ಕೇಳುಗರು "ನಮ್ಮಲ್ಲಿ ಮಂಜುಗಡ್ಡೆಯೇ ಇಲ್ವಲ್ಲ, ಆದ್ರೂ ಗುಂಡಿ ಇದೆಯಲ್ಲ" ಅನ್ನಬಹುದು. ನಿಜ. ಮಂಜುಗಡ್ಡೆ ಇಲ್ಲದಿದ್ದರೂ ನೀರೊಂದೇ ಸಾಕು. ಅದು ಡಾಂಬರು ಮತ್ತು ಜಲ್ಲಿಯ ನಡುವಿನ ಅಂಟನ್ನು ಬಿಡಿಸುತ್ತೆ. ಮೇಲೆ ಓಡುವ ಚಕ್ರಗಳು ಆ ನೀರನ್ನು ಪಂಪಿನ ಹಾಗೆ ಒತ್ತಿ ಒತ್ತಿ ಕೆಳಗಿನ ಮಣ್ಣನ್ನು ಹೊರಗೆ ಎಳೆಯುತ್ತವೆ.

45 ಮಿಲಿಸೆಕೆಂಡಿನಲ್ಲಿ ಏನಾಗುತ್ತೆ

60 ಸೆಂಟಿಮೀಟರ್ ಉದ್ದದ ಗುಂಡಿ ಅಂದುಕೊಳ್ಳಿ. ಕಾರು ಗಂಟೆಗೆ 30 ಮೈಲಿ ವೇಗದಲ್ಲಿದೆ. ಚಕ್ರ ಆ ಗುಂಡಿಯನ್ನು ದಾಟಲು 45 ಮಿಲಿಸೆಕೆಂಡ್ ಸಾಕು. ಇಷ್ಟು ಹೊತ್ತಿನಲ್ಲಿ ಮೇಲಿಂದ ಬಿಟ್ಟ ಕಲ್ಲು ಒಂದೇ ಸೆಂಟಿಮೀಟರ್ ಬೀಳುತ್ತೆ. ಹಾಗಾದರೆ ಚಕ್ರ ಅಷ್ಟು ಜೋರಾಗಿ ಬಡಿಯೋದು ಹೇಗೆ?

ಉತ್ತರ ಸ್ಪ್ರಿಂಗಿನಲ್ಲಿದೆ. ಚಕ್ರದ ಮೇಲಿರುವ ಸ್ಪ್ರಿಂಗು ಕಾರಿನ ಕಾಲು ಭಾಗದ ತೂಕವನ್ನು, ಅಂದರೆ ಸುಮಾರು 400 ಕಿಲೋವನ್ನು ಹೊತ್ತು ಅದುಮಿಕೊಂಡು ಕೂತಿರುತ್ತೆ. ಚಕ್ರ ಮತ್ತು ಅದರ ಜೊತೆ ಏರಿಳಿಯುವ ಭಾಗಗಳ ತೂಕ 40 ಕಿಲೋ ಆಸುಪಾಸು. ಕೆಳಗಿನ ನೆಲ ಮಾಯವಾದ ಕೂಡಲೇ ಸ್ಪ್ರಿಂಗು ಚಕ್ರವನ್ನು ಕೆಳಕ್ಕೆ ತಳ್ಳುತ್ತೆ. ಮೊದಲ ಕ್ಷಣದಲ್ಲಿ ಆ ಬಲ ಗುರುತ್ವಕ್ಕಿಂತ ಹತ್ತು ಪಟ್ಟು. ಹಾಗಾಗಿ ಚಕ್ರ ಗುಂಡಿಗೆ ಬೀಳುತ್ತೆ ಅನ್ನೋದಕ್ಕಿಂತ ಸ್ಪ್ರಿಂಗು ಅದನ್ನು ಗುಂಡಿಗೆ ನೂಕುತ್ತೆ ಅನ್ನೋದು ಸರಿ. ಆಮೇಲೆ ಆಚೆಯ ಅಂಚು ಎದುರಾಗಿ ಬಂದು ಹೊಡೆಯುತ್ತೆ.

ಆ ಹೊಡೆತ ತಡೆಯಲು ರಿಮ್ಮಿಗೂ ರಸ್ತೆಗೂ ನಡುವೆ ಇರುವುದು ಟೈರಿನ ಪಕ್ಕದ ಗೋಡೆ ಮತ್ತು ಒಳಗಿನ ಗಾಳಿ, ಅಷ್ಟೇ. ಟೈರಿನ ಮೇಲೆ ಬರೆದಿರುವ ಸಂಖ್ಯೆ ನೋಡಿ. 205/65 ಆರ್ 15 ಅಂದರೆ ಅಗಲ 205 ಮಿಲಿಮೀಟರ್, ಗೋಡೆಯ ಎತ್ತರ ಅದರ ಶೇಕಡಾ 65, ರಿಮ್ಮು 15 ಇಂಚು. ಗೋಡೆ 133 ಮಿಲಿಮೀಟರ್ ಆಯಿತು. ಈಗ 235/35 ಆರ್ 19 ತಗೊಳ್ಳಿ. ಗೋಡೆ ಬರೀ 82 ಮಿಲಿಮೀಟರ್. ಸ್ವಾರಸ್ಯ ಏನು ಅಂದ್ರೆ ಎರಡೂ ಟೈರುಗಳ ಒಟ್ಟು ಎತ್ತರ ಒಂದೇ, ಸುಮಾರು 64.7 ಸೆಂಟಿಮೀಟರ್. ಶೋರೂಮಿನಲ್ಲಿ ಚಕ್ರ ದೊಡ್ಡದಾಗಿ ಕಾಣಲಿ ಅಂತ ಕೊಟ್ಟದ್ದು ಎರಡು ಇಂಚು ಮೆತ್ತೆ. ಗಾಳಿ ಹೋದರೂ ಸ್ವಲ್ಪ ದೂರ ಓಡುವ ರನ್-ಫ್ಲಾಟ್ ಟೈರುಗಳ ಗೋಡೆ ಇನ್ನೂ ಬಿರುಸು, ಹೊಡೆತವನ್ನು ರಿಮ್ಮಿಗೆ ನೇರವಾಗಿ ದಾಟಿಸುತ್ತೆ.

ಇದರ ಜೊತೆಗೆ ಚಳಿಗಾಲದ ಇನ್ನೊಂದು ಕಿತಾಪತಿ ಇದೆ. ತಾಪ 10 ಡಿಗ್ರಿ ಫ್ಯಾರನ್‌ಹೀಟ್ ಇಳಿದರೆ ಟೈರಿನ ಒತ್ತಡ ಸುಮಾರು 1 ಪಿಎಸ್‌ಐ ಇಳಿಯುತ್ತೆ. ಅಕ್ಟೋಬರಿನ 60 ಡಿಗ್ರಿಯಲ್ಲಿ 35 ಪಿಎಸ್‌ಐ ತುಂಬಿಸಿದ ಟೈರು ಜನವರಿಯ 20 ಡಿಗ್ರಿ ಬೆಳಗ್ಗೆ 31ಕ್ಕೆ ಬಂದಿರುತ್ತೆ. ತಿಂಗಳು ತಿಂಗಳು ತಾನಾಗಿ ಸೋರುವ ಗಾಳಿಯನ್ನೂ ಸೇರಿಸಿದರೆ 29, 28. "ದೀಪ ಹತ್ತಿಲ್ವಲ್ಲ" ಅಂತ ನಾವು ನಿಶ್ಚಿಂತೆಯಾಗಿ ಇರುತ್ತೇವೆ. ಆ ದೀಪದ ಹಿಂದೆ ಒಂದು ಕಾನೂನಿದೆ. ಫೋರ್ಡ್ ಎಕ್ಸ್‌ಪ್ಲೋರರ್ ಕಾರುಗಳಲ್ಲಿ ಫೈರ್‌ಸ್ಟೋನ್ ಟೈರು ಕಿತ್ತುಬಂದು ಆದ ಅಪಘಾತಗಳ ನಂತರ ಅಮೆರಿಕದ ಸಂಸತ್ತು 2000ದಲ್ಲಿ ಟ್ರೆಡ್ ಕಾಯ್ದೆ ಮಾಡಿತು. ಅದರ ಫಲವಾಗಿ 2007ರ ಸೆಪ್ಟೆಂಬರಿನಿಂದ ತಯಾರಾದ ಎಲ್ಲ ಹೊಸ ಕಾರುಗಳಲ್ಲೂ ಒತ್ತಡ ತಿಳಿಸುವ ವ್ಯವಸ್ಥೆ ಕಡ್ಡಾಯ. ಆದರೆ ನಿಯಮದ ಪ್ರಕಾರ ಒತ್ತಡ ಶೇಕಡಾ 25ರಷ್ಟು ಕುಸಿದ ಮೇಲೆ ದೀಪ ಹತ್ತಿದರೆ ಸಾಕು. 35ಕ್ಕೆ ಶೇಕಡಾ 25 ಕಡಿಮೆ ಅಂದರೆ ಸುಮಾರು 26. ಅಂದರೆ 28ರಲ್ಲಿ ದೀಪ ಹತ್ತದೆ ಇರಬಹುದು, ಮೆತ್ತೆ ಮಾತ್ರ ತೆಳುವಾಗಿರುತ್ತೆ. ಗುಂಡಿಗಳು ಹುಟ್ಟುವ ಕಾಲವೂ ಟೈರು ಸೊರಗುವ ಕಾಲವೂ ಒಂದೇ ಆಗಿಬಿಟ್ಟಿದೆ.

ಹೊರಗಡೆ ಫಳಫಳ, ಒಳಗಡೆ ಸೊಟ್ಟ

ಗುಂಡಿಗೆ ಬಿದ್ದ ಮೇಲೆ ನಾವೆಲ್ಲ ಮಾಡೋದು ಒಂದೇ ಕೆಲಸ. ಕಾರು ನಿಲ್ಲಿಸಿ, ಇಳಿದು, ಚಕ್ರದ ಮುಖ ನೋಡಿ "ಏನೂ ಆಗಿಲ್ಲ" ಅಂತ ಸಮಾಧಾನ ಪಟ್ಕೊಳ್ಳೋದು. ಆದರೆ ಪೆಟ್ಟು ಕೂರುವುದು ಹೆಚ್ಚಾಗಿ ಆ ಮುಖದ ಮೇಲಲ್ಲ.

ಮನೆಯ ಪ್ಲಾಸ್ಟಿಕ್ ಬಕೆಟ್ಟನ್ನು ಅಡ್ಡ ಮಲಗಿಸಿ. ತಳದ ಹತ್ತಿರ ಒತ್ತಿದರೆ ಅಲುಗಾಡಲ್ಲ. ಬಾಯಿಯ ಹತ್ತಿರ ಒತ್ತಿದರೆ ಸಲೀಸಾಗಿ ಮೊಟ್ಟೆಯಾಕಾರ ಆಗುತ್ತೆ. ಅಲಾಯ್ ವೀಲೂ ಹಾಗೇ. ಕಡ್ಡಿಗಳು, ಅಂದರೆ ಸ್ಪೋಕುಗಳು, ಹೊರಮುಖದ ಹತ್ತಿರ ಇರುತ್ತವೆ. ಒಳಗಡೆ ಬ್ರೇಕಿಗೆ ಜಾಗ ಬೇಕಲ್ಲ, ಹಾಗಾಗಿ ರಿಮ್ಮಿನ ಉಳಿದ ಅಗಲವೆಲ್ಲ ಆಧಾರವಿಲ್ಲದೆ ಕಾರಿನ ಒಳಬದಿಗೆ ಚಾಚಿಕೊಂಡಿರುತ್ತೆ. ಅದೇ ಬಕೆಟ್ಟಿನ ಬಾಯಿ. ಗುಂಡಿಯ ಅಂಚು ಹೊಡೆದಾಗ ಸಾಮಾನ್ಯವಾಗಿ ಒಳಬದಿಯ ಆ ಅಂಚೇ ಬಾಗೋದು. ನಿಂತು ನೋಡಿದರೆ ಅದು ಕಾಣೋದೇ ಇಲ್ಲ. ಕಾರನ್ನು ಎತ್ತಿ ಹಿಂದಿನಿಂದ ನೋಡಬೇಕು.

ಟೈರಿನ ಒಳಗೋಡೆಯನ್ನೂ ಆಗಲೇ ನೋಡಬೇಕು. ಬಡಿತಕ್ಕೆ ಟೈರು ರಿಮ್ಮಿಗೂ ಡಾಂಬರಿಗೂ ನಡುವೆ ಅಡಕತ್ತರಿಗೆ ಸಿಕ್ಕ ಅಡಿಕೆಯಂತಾಗಿ ಒಳಗಿನ ದಾರಗಳು ತುಂಡಾಗಿರಬಹುದು. ಹಾಗಾದ ಕಡೆ ಗೋಡೆ ನಿಂಬೆಹಣ್ಣಿನಷ್ಟು ಊದಿಕೊಳ್ಳುತ್ತೆ. ಆ ಊತ ಕಂಡರೆ ಚರ್ಚೆಯೇ ಬೇಡ, ಆ ಟೈರಿನ ಕಥೆ ಮುಗೀತು. ರಿಪೇರಿ ಇಲ್ಲ.

ನಡುಕದ ಭಾಷೆ

ಇನ್ನು ಕಾರು ಓಡುವಾಗ ಏನಾಗುತ್ತೆ? ಈಗ ಹೇಳಿದ ಟೈರು ಒಂದು ಸುತ್ತಿಗೆ ಸುಮಾರು 2 ಮೀಟರ್ ಹೋಗುತ್ತೆ. 65 ಮೈಲಿ ವೇಗದಲ್ಲಿ ಸೆಕೆಂಡಿಗೆ 14 ಸುತ್ತು. ಚಕ್ರ ಸೊಟ್ಟ ಇದ್ದರೆ ಸೆಕೆಂಡಿಗೆ 14 ಸಲ ಕಾರನ್ನು ಮೇಲಕ್ಕೆ ಕುಟ್ಟುತ್ತೆ. ಸ್ಪ್ರಿಂಗಿಗೂ ಟೈರಿಗೂ ನಡುವೆ ಸಿಕ್ಕಿಕೊಂಡಿರುವ ಚಕ್ರಕ್ಕೆ ತಾನಾಗೇ ಕುಣಿಯುವ ಒಂದು ಲಯ ಇರುತ್ತೆ, ಅದು ಸೆಕೆಂಡಿಗೆ 10ರಿಂದ 15 ಸಲ. ಉಯ್ಯಾಲೆಯನ್ನು ಅದರದೇ ಲಯಕ್ಕೆ ಸರಿಯಾಗಿ ತಳ್ಳಿದರೆ ಎತ್ತರಕ್ಕೆ ಹೋಗುತ್ತಲ್ಲ, ಹಾಗೆ ಈ ಎರಡು ಲಯ ಕೂಡಿದಾಗ ನಡುಕ ಜೋರಾಗುತ್ತೆ. "40ರಲ್ಲಿ ಏನೂ ಇಲ್ಲ, 60 ದಾಟಿದ್ರೆ ಸ್ಟೀರಿಂಗ್ ನಡುಗುತ್ತೆ" ಅನ್ನೋ ದೂರಿನ ಮೂಲ ಇದು.

ನಮ್ಮ ಕ್ಷೇತ್ರದ ಒಂದು ಮಾತನ್ನೂ ಇಲ್ಲಿ ಸೇರಿಸುತ್ತೇವೆ. ಬೆರಳ ತುದಿಯ ಚರ್ಮದಲ್ಲಿ ಮೈಸ್ನರ್ ಕಣಗಳು ಅನ್ನುವ ಸ್ಪರ್ಶಗ್ರಾಹಿಗಳಿವೆ. ಸೆಕೆಂಡಿಗೆ 10ರಿಂದ 50 ಸಲದ ಪಟಪಟ ಬಡಿತವನ್ನು ಚೆನ್ನಾಗಿ ಗುರುತಿಸೋದು ಇವೇ. ಸೆಕೆಂಡಿಗೆ 200ರಷ್ಟು ಸಲದ ಸೂಕ್ಷ್ಮ ಕಂಪನಕ್ಕೆ ಇನ್ನೂ ಆಳದಲ್ಲಿರುವ ಪ್ಯಾಸಿನಿಯನ್ ಕಣಗಳು ಬೇರೆಯೇ ಇವೆ. ಸೆಕೆಂಡಿಗೆ 14 ಅಂದರೆ ಮೈಸ್ನರ್ ಕಣಗಳ ಸ್ವಂತ ಸೀಮೆ. ಹಾಗಾಗಿ "ಏನೋ ಸರಿ ಇಲ್ಲ" ಅಂತ ಕೈಗೆ ಅನ್ನಿಸಿದರೆ ಅದನ್ನು ಭ್ರಮೆ ಅಂತ ತಳ್ಳಿಹಾಕಬೇಡಿ.

ನಡುಕ ಎಲ್ಲಿ, ಯಾವಾಗ ಅನ್ನೋದರಲ್ಲಿ ಸುಳಿವಿದೆ. ಸ್ಟೀರಿಂಗಿನಲ್ಲಿ ಬಂದರೆ ಮುಂದಿನ ಚಕ್ರ, ಸೀಟಿನಲ್ಲಿ ಬಂದರೆ ಹಿಂದಿನದು ಅಂತ ಮೊದಲು ಅನುಮಾನಿಸಿ. ಬ್ರೇಕ್ ಒತ್ತಿದಾಗ ಮಾತ್ರ ಬಂದರೆ ಬ್ರೇಕಿನ ಡಿಸ್ಕ್ ನೋಡಿಸಿ. ನಡುಕವಿಲ್ಲದೆ ಕಾರು ಒಂದು ಕಡೆಗೆ ಎಳೆದರೆ ಅಲೈನ್‌ಮೆಂಟ್. ವಾರಕ್ಕೆರಡು ಸಲ ಒಂದೇ ಟೈರಿಗೆ ಗಾಳಿ ತುಂಬಿಸಬೇಕಾಗಿ ಬಂದು, ಮೊಳೆಯೂ ಸಿಗದೇ ಹೋದರೆ, ಬಾಗಿದ ಅಂಚಿನಿಂದ ಗಾಳಿ ಸೋರುತ್ತಿರಬಹುದು ಅಥವಾ ಬಿರುಕು ಬಿಟ್ಟಿರಬಹುದು. ಸೋಪಿನ ನೀರು ಹಚ್ಚಿದರೆ ಗುಳ್ಳೆ ಹೇಳುತ್ತೆ. ನಮ್ಮೂರ ಪಂಕ್ಚರ್ ಅಂಗಡಿಯ ನೀರಿನ ತೊಟ್ಟಿಯ ವಿದ್ಯೆ ಇಲ್ಲೂ ನಡೆಯುತ್ತೆ.

ಈಗ ತುಂಬಾ ಜನ ಎಡವುವ ಜಾಗಕ್ಕೆ ಬರೋಣ. ನಡುಕ ಅಂತ ಹೋದರೆ ಅಂಗಡಿಯಲ್ಲಿ ವೀಲ್ ಬ್ಯಾಲೆನ್ಸಿಂಗ್ ಮಾಡಿ, ಸಣ್ಣ ತೂಕ ಅಂಟಿಸಿ, "ಸೊನ್ನೆ ಬಂತು" ಅಂತ ಯಂತ್ರದ ಪರದೆ ತೋರಿಸುತ್ತಾರೆ. ಹೈವೇಗೆ ಹೋದರೆ ಮತ್ತೆ ಅದೇ ನಡುಕ. ಯಾಕೆ? ಬ್ಯಾಲೆನ್ಸಿಂಗ್ ಅಳೆಯೋದು ತೂಕ ಸಮನಾಗಿ ಹಂಚಿದೆಯಾ ಅಂತ. ಚಕ್ರ ಗುಂಡಗಿದೆಯಾ ಅಂತ ಅಲ್ಲ. ಒಂದು ಮೊಟ್ಟೆಯಾಕಾರದ ತಟ್ಟೆಯನ್ನೂ ತೂಕ ಸರಿದೂಗಿಸಿ ನಿಲ್ಲಿಸಬಹುದು. ಉರುಳಿಸಿದರೆ ಕುಣಿಯುತ್ತೆ ಅಷ್ಟೇ.

ಲೆಕ್ಕ ಹಾಕಿ ನೋಡಿ. ಅಂಚಿನಲ್ಲಿ 10 ಗ್ರಾಮಿನ ತೂಕ ವ್ಯತ್ಯಾಸ ಇದ್ದರೆ 65 ಮೈಲಿ ವೇಗದಲ್ಲಿ ಅದು ಸುಮಾರು 16 ನ್ಯೂಟನ್ ಬಲದಿಂದ ಎಳೆಯುತ್ತೆ, ಒಂದೂವರೆ ಕಿಲೋ ಭಾರ ಅನ್ನಿ. ಆದರೆ ಟೈರನ್ನು ಒಂದು ಮಿಲಿಮೀಟರ್ ಅದುಮಲು ಸುಮಾರು 200 ನ್ಯೂಟನ್ ಬೇಕು, ಅಂದರೆ 20 ಕಿಲೋ ಭಾರ. ಟೈರು ಒಂದಷ್ಟನ್ನು ನುಂಗಿಕೊಂಡರೂ, ಒಂದು ಮಿಲಿಮೀಟರಿನ ಸೊಟ್ಟ ಹತ್ತು ಗ್ರಾಮಿನ ತೂಕಕ್ಕಿಂತ ಎಷ್ಟೋ ಪಟ್ಟು ಜೋರಾಗಿ ಕುಟ್ಟಬಲ್ಲದು. ಆದ್ದರಿಂದ ಅಂಗಡಿಯಲ್ಲಿ ಕೇಳಬೇಕಾದ್ದು "ಬ್ಯಾಲೆನ್ಸ್ ಆಯ್ತಾ?" ಅಂತಲ್ಲ. "ರಿಮ್ಮಿನ ರನ್‌ಔಟ್ ಎಷ್ಟಿದೆ?" ಅಂತ. ಮುಳ್ಳಿನ ಅಳತೆಗಡಿಯಾರವನ್ನು, ಅಂದರೆ ಡಯಲ್ ಗೇಜನ್ನು, ರಿಮ್ಮಿಗೆ ತಾಗಿಸಿ ತಿರುಗಿಸಿದರೆ ಮೇಲೆ ಕೆಳಗೆ ಎಷ್ಟು, ಅಕ್ಕಪಕ್ಕ ಎಷ್ಟು ಅಂತ ಮಿಲಿಮೀಟರಿನಲ್ಲಿ ಸಿಗುತ್ತೆ. ಟೈರಿನ ಮೇಲೆ ಉರುಳೆ ಒತ್ತಿ ಅಳೆಯುವ 'ರೋಡ್ ಫೋರ್ಸ್' ಯಂತ್ರಗಳೂ ಇವೆ. ಮಿತಿ ಎಷ್ಟು ಅನ್ನೋದು ನಿಮ್ಮ ಕಾರಿನ ಸರ್ವಿಸ್ ಕೈಪಿಡಿಯಲ್ಲಿರುತ್ತೆ. ಸಾಮಾನ್ಯವಾಗಿ ಅದು ಒಂದು ಮಿಲಿಮೀಟರಿನ ಆಸುಪಾಸು.

ಹದ ಅನ್ನೋ ಮಾತು

ಸರಿ, ಬಾಗಿದೆ ಅಂತ ಗೊತ್ತಾಯ್ತು. ಇನ್ನು ಮೂಲ ಪ್ರಶ್ನೆ: ಬೆಂಡ್ ತೆಗೆಸಬಹುದಾ?

ಊರಿನ ಕಮ್ಮಾರರ ಕುಲುಮೆ ನೆನಪು ಮಾಡಿಕೊಳ್ಳಿ. ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕುವಾಗ ಅದನ್ನು ಕೆಂಪಗೆ ಕಾಯಿಸುತ್ತಾರೆ. ಬಣ್ಣ ನೋಡಿಯೇ ಶಾಖ ಎಷ್ಟು ಅಂತ ಹೇಳುತ್ತಾರೆ. ಅಲ್ಯೂಮಿನಿಯಂನಲ್ಲಿ ಈ ವಿದ್ಯೆ ನಡೆಯಲ್ಲ. ಶುದ್ಧ ಅಲ್ಯೂಮಿನಿಯಂ 660 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತೆ, ಸಿಲಿಕಾನ್ ಬೆರೆತ ಚಕ್ರದ ಲೋಹ 570ರ ಆಸುಪಾಸಿಗೇ ಕರಗಲು ಶುರು. ಹಗಲು ಬೆಳಕಿನಲ್ಲಿ ಕೆಂಪಾಗಿ ಕಾಣುವ ಮೊದಲೇ ಅದು ಕುಸಿದುಹೋಗಿರುತ್ತೆ. ಗ್ಯಾಸಿನ ಉರಿ ಹಿಡಿದು ಕಣ್ಣಂದಾಜಿನಲ್ಲಿ ಕಾಯಿಸುವವರಿಗೆ ಲೋಹ ಯಾವ ಸುಳಿವನ್ನೂ ಕೊಡೋದಿಲ್ಲ.

ಕರಗೋದು ದೂರದ ಮಾತು. ಅದಕ್ಕೂ ಬಹಳ ಮೊದಲೇ ನಷ್ಟ ಆಗಿರುತ್ತೆ. ಎರಕದ ಅಲಾಯ್ ವೀಲುಗಳಲ್ಲಿ ಬಹಳಷ್ಟು ಎ356 ಅನ್ನುವ ಮಿಶ್ರಲೋಹದವು. ಅಲ್ಯೂಮಿನಿಯಂಗೆ ಸುಮಾರು ಶೇಕಡಾ 7 ಸಿಲಿಕಾನ್, ಶೇಕಡಾ 0.3ರಷ್ಟು ಮೆಗ್ನೀಸಿಯಂ. ಎರಕ ಹೊಯ್ದ ಮೇಲೆ ಚಕ್ರವನ್ನು 540 ಡಿಗ್ರಿಯಲ್ಲಿ ಗಂಟೆಗಟ್ಟಲೆ ಇಟ್ಟು, ನೀರಿಗೆ ಅದ್ದಿ, ಆಮೇಲೆ 150-160 ಡಿಗ್ರಿಯಲ್ಲಿ ಮತ್ತೆ ಕೆಲವು ಗಂಟೆ ಬೇಯಿಸುತ್ತಾರೆ. ಈ ಕೊನೆಯ ಹಂತದಲ್ಲಿ ಮೆಗ್ನೀಸಿಯಂ ಮತ್ತು ಸಿಲಿಕಾನ್ ಕೂಡಿ ನ್ಯಾನೋಮೀಟರ್ ಗಾತ್ರದ ಕಣಗಳಾಗಿ ಲೋಹದ ತುಂಬ ಹರಡಿಕೊಳ್ಳುತ್ತವೆ. ಲೋಹದ ಪದರಗಳು ಜಾರದಂತೆ ಹಿಡಿದಿಡೋದು ಆ ಕಣಗಳೇ. ಇದಕ್ಕೆ ಟಿ6 ಹದ ಅಂತ ಹೆಸರು. ಅಲ್ಯೂಮಿನಿಯಂ ಹೀಗೆ ತಾನಾಗೇ ಗಟ್ಟಿಯಾಗುತ್ತೆ ಅನ್ನೋದನ್ನು ಮೊದಲು ಕಂಡವರು ಜರ್ಮನಿಯ ಆಲ್ಫ್ರೆಡ್ ವಿಲ್ಮ್, 1906ರಲ್ಲಿ. ಕಾಯಿಸಿ ಅದ್ದಿದ ಲೋಹ ಕೆಲವು ದಿನ ಬಿಟ್ಟು ನೋಡಿದಾಗ ಮೊದಲಿಗಿಂತ ಗಟ್ಟಿಯಾಗಿತ್ತು.

ಪಾಕದ ಹದ ಗೊತ್ತಲ್ಲ? ಎಳೆ ಬರುವವರೆಗೆ ಕುದಿಸಬೇಕು, ಒಂದು ನಿಮಿಷ ಹೆಚ್ಚಾದರೆ ಮೈಸೂರುಪಾಕು ಇಟ್ಟಿಗೆ. ಇಲ್ಲೂ ಹದ ದಾಟಿದರೆ ಕೆಡುತ್ತೆ, ಆದರೆ ಉಲ್ಟಾ ದಿಕ್ಕಿಗೆ. ಚಕ್ರವನ್ನು 200 ಡಿಗ್ರಿಗಿಂತ ಮೇಲೆ ಹೊತ್ತು ಮೀರಿ ಕಾಯಿಸಿದರೆ ಆ ಸಣ್ಣ ಕಣಗಳು ಒಂದಕ್ಕೊಂದು ಸೇರಿ ದಪ್ಪಗಾಗಿ ವಿರಳವಾಗುತ್ತವೆ, ಪದರಗಳನ್ನು ಹಿಡಿಯುವ ಕೈಗಳು ಕಡಿಮೆಯಾಗುತ್ತವೆ, ಲೋಹ ಮೆದುವಾಗುತ್ತೆ. ನೋಡಲು ಚಕ್ರ ಗುಂಡಗಿರುತ್ತೆ, ಬಣ್ಣವೂ ಹೊಳೆಯುತ್ತೆ, ಆ ಜಾಗದ ಬಲ ಮಾತ್ರ ಹೋಗಿರುತ್ತೆ. ವೆಲ್ಡ್ ಮಾಡಿದ ಕಡೆಯ ಕಥೆಯೂ ಇದೇ. ಬಿರುಕಿನ ಬಾಯಿ ಮುಚ್ಚಿರುತ್ತೆ, ಸುತ್ತಲಿನ ಹದ ಹಾಳಾಗಿರುತ್ತೆ.

"ಕಾಯಿಸದೇ ಬೆಂಡ್ ತೆಗೆದ್ರೆ?" ಅದರಲ್ಲೂ ಅಪಾಯ ಇದೆ. ಮೆದು ಉಕ್ಕನ್ನು ಎಳೆದರೆ ಮುರಿಯುವ ಮೊದಲು ಶೇಕಡಾ 25-30ರಷ್ಟು ಹಿಗ್ಗುತ್ತೆ. ಎರಕದ ಅಲಾಯ್ ಶೇಕಡಾ 5ರಿಂದ 10 ಹಿಗ್ಗಿದರೆ ಹೆಚ್ಚು. ಗುಂಡಿಯ ಪೆಟ್ಟು ಅದರಲ್ಲಿ ಒಂದು ಪಾಲನ್ನು ಈಗಾಗಲೇ ಖರ್ಚು ಮಾಡಿದೆ. ವಾಪಸ್ ಬಗ್ಗಿಸುವಾಗ ಇನ್ನೊಂದು ಪಾಲು ಖರ್ಚು. ಸೈಕಲ್ ಅಂಗಡಿಯಲ್ಲಿ ಉಕ್ಕಿನ ರಿಮ್ಮಿನ ಬೆಂಡ್ ತೆಗೆದಷ್ಟು ಸಲೀಸು ಇದಲ್ಲ.

ಮೂಳೆಗೂ ಚಕ್ರಕ್ಕೂ ಇರುವ ವ್ಯತ್ಯಾಸ

ನಮ್ಮ ಮೂಳೆಗಳಲ್ಲೂ ದಿನಾ ಸಣ್ಣ ಸಣ್ಣ ಬಿರುಕು ಆಗುತ್ತಲೇ ಇರುತ್ತವೆ. ಆದರೆ ಅಲ್ಲಿ ಜೀವಕೋಶಗಳಿವೆ. ಒಂದು ಬಗೆಯವು ಹಳೆಯ ಮೂಳೆಯನ್ನು ಕರಗಿಸುತ್ತವೆ, ಇನ್ನೊಂದು ಬಗೆಯವು ಹೊಸದನ್ನು ಕಟ್ಟುತ್ತವೆ. ವಯಸ್ಕರ ಅಸ್ಥಿಪಂಜರದ ಸುಮಾರು ಶೇಕಡಾ 10 ಭಾಗ ವರ್ಷಕ್ಕೊಮ್ಮೆ ಹೊಸದಾಗುತ್ತೆ. ಲೋಹಕ್ಕೆ ಈ ಭಾಗ್ಯ ಇಲ್ಲ. ತಿಂದ ಪೆಟ್ಟೆಲ್ಲ ಲೆಕ್ಕಕ್ಕೆ ಸೇರುತ್ತೆ.

ಇದನ್ನು ಲೋಹದ ದಣಿವು ಅನ್ನುತ್ತಾರೆ. ರೈಲಿನ ಅಚ್ಚುಗಳು ಯಾವ ಭಾರಿ ಹೊಡೆತವೂ ಇಲ್ಲದೆ ಒಂದು ದಿನ ಇದ್ದಕ್ಕಿದ್ದಂತೆ ಮುರಿಯೋದು ಯಾಕೆ ಅಂತ 1850-60ರ ದಶಕಗಳಲ್ಲಿ ಪ್ರಷ್ಯಾದ ರೈಲ್ವೆ ಇಂಜಿನಿಯರ್ ಔಗುಸ್ಟ್ ವ್ಯೋಲರ್ ಪರೀಕ್ಷಿಸಿ ನೋಡಿದರು. ಸಣ್ಣ ಬಲವೇ ಲಕ್ಷಾಂತರ ಸಲ ಮರುಕಳಿಸಿದರೆ ಲೋಹ ಸೋಲುತ್ತೆ ಅಂತ ತೋರಿಸಿದರು. ಉಕ್ಕಿಗೆ ಒಂದು ಮಿತಿ ಇದೆ, ಅದರ ಕೆಳಗಿನ ಬಲವನ್ನು ಎಷ್ಟು ಸಲವಾದರೂ ತಾಳುತ್ತೆ. ಅಲ್ಯೂಮಿನಿಯಂಗೆ ಅಂಥ ಸ್ಪಷ್ಟ ಮಿತಿ ಇಲ್ಲ. ಅದಕ್ಕೇ ಚಕ್ರವನ್ನು ರೂಪಿಸುವವರು ಸಾಕಷ್ಟು ದಪ್ಪ ಇಟ್ಟು, ಹದ ಹಾಕಿ, ಕಾರಿನ ಆಯುಷ್ಯಕ್ಕೂ ಮೀರಿ ಬಾಳುವಂತೆ ಮಾಡಿರುತ್ತಾರೆ.

ಆ ಲೆಕ್ಕವೆಲ್ಲ ಬಿರುಕಿಲ್ಲದ, ಹದ ಕೆಡದ ಚಕ್ರಕ್ಕೆ. ಬಿರುಕೊಂದು ಹುಟ್ಟಿದರೆ ಅದರ ತುದಿಯಲ್ಲಿ ಬಲವೆಲ್ಲ ಸೇರಿಕೊಳ್ಳುತ್ತೆ, ಪ್ರತಿ ಸುತ್ತಿಗೂ ಒಂದಿಷ್ಟು ಬೆಳೆಯಬಹುದು. ಮೊದಲು ಹೇಳಿದ ಐದು ಲಕ್ಷ ಸುತ್ತು ಇಲ್ಲಿ ಲೆಕ್ಕಕ್ಕೆ ಬರುತ್ತೆ. ಡಿ.ಸಿ.ಯಿಂದ ಅಟ್ಲಾಂಟಕ್ಕೆ ಒಂದು ಸಲ ಹೋದರೆ ಆ ಬಿರುಕಿಗೆ ಐದು ಲಕ್ಷ ಅವಕಾಶ. 10,000 ಮೈಲಿಗೆ ಸುಮಾರು 80 ಲಕ್ಷ.

ಹಾಗಾದರೆ ಏನು ಮಾಡಬೇಕು

ಇಷ್ಟು ಕೇಳಿದ ಮೇಲೆ ತೀರ್ಮಾನ ಕಷ್ಟ ಅಲ್ಲ. ಬಿರುಕಿದ್ದರೆ ಚಕ್ರ ಬದಲಾಯಿಸಿ, ವೆಲ್ಡ್ ಬೇಡ. ಸ್ಪೋಕು, ನಡುವಿನ ಗುಂಭ, ಬೋಲ್ಟಿನ ತೂತುಗಳ ಸುತ್ತ ಬಾಗಿದ್ದರೂ ಬದಲಾಯಿಸಿ, ಯಾಕಂದ್ರೆ ಭಾರವೆಲ್ಲ ಹಾದುಹೋಗೋದು ಅಲ್ಲೇ. ಒಳಅಂಚಿನಲ್ಲಿ ಮಾತ್ರ ಸಣ್ಣ ಬಾಗು ಇದ್ದು ಬಿರುಕಿಲ್ಲದಿದ್ದರೆ, ಬೆಂಡ್ ತೆಗೆಸುವ ಮಾತು ಆಗ ಬರುತ್ತೆ. ಅದೂ ಮೂರು ಪ್ರಶ್ನೆ ಕೇಳಿದ ಮೇಲೆ. ಶಾಖವನ್ನು ಅಳೆದು ನಿಯಂತ್ರಿಸುತ್ತೀರಾ? ಮುಂಚೆ ಮತ್ತು ಆಮೇಲೆ ಬಣ್ಣದ ದ್ರವ ಹಚ್ಚಿ ಬಿರುಕು ಪರೀಕ್ಷೆ ಮಾಡುತ್ತೀರಾ? ಕೊನೆಯ ರನ್‌ಔಟ್ ಅಳತೆಯನ್ನು ಬರೆದುಕೊಡುತ್ತೀರಾ? ಮೂರಕ್ಕೂ ಹೌದು ಅಂದರೆ ಯೋಚಿಸಿ. ಸುತ್ತಿಗೆ ಮತ್ತು ಉರಿಯೇ ಉತ್ತರವಾದರೆ ಕೈಮುಗಿದು ಬನ್ನಿ. ಹಲವು ಕಾರು ತಯಾರಕರು ಕಾಯಿಸಿ, ಬಗ್ಗಿಸಿ ಅಥವಾ ವೆಲ್ಡ್ ಮಾಡಿ ರಿಪೇರಿ ಮಾಡೋದನ್ನು ಒಪ್ಪುವುದೇ ಇಲ್ಲ ಅನ್ನೋದೂ ಗೊತ್ತಿರಲಿ. ಒಮ್ಮೆ ಬೆಂಡ್ ತೆಗೆದ ಜಾಗವೇ ಎರಡನೇ ಸಲ ಬಾಗಿದರೆ ಆ ಚಕ್ರಕ್ಕೆ ವಿದಾಯ ಹೇಳಿ.

ಹಳೆಯ ಅಥವಾ ನಕಲು ಚಕ್ರ ಕೊಳ್ಳುವವರು ಅಳತೆ, ಆಫ್‌ಸೆಟ್ ಜೊತೆಗೆ ಒಳಗಡೆ ಅಚ್ಚೊತ್ತಿರುವ ಭಾರದ ಮಿತಿ ನೋಡಿ. ಡ್ರೈವರ್ ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಆ ಆ್ಯಕ್ಸಲ್‌ಗೆ ಬರೆದಿರುವ ಭಾರದ ಅರ್ಧಕ್ಕಿಂತ ಅದು ಕಡಿಮೆ ಇರಬಾರದು. ಹಾಕಿಸಿದ ಮೇಲೆ ನಟ್ಟುಗಳನ್ನು ಟಾರ್ಕ್ ರೆಂಚಿನಿಂದ ಬಿಗಿ ಮಾಡಿಸಿ, 50-100 ಮೈಲಿ ಓಡಿಸಿ ಮತ್ತೊಮ್ಮೆ ನೋಡಿಸಿ. ದಾರಿಯಲ್ಲಿ ಸಣ್ಣ ಸ್ಪೇರ್ ಚಕ್ರ ಹಾಕಿಕೊಂಡರೆ ಅದರ ಮೇಲೇ ಬರೆದಿರುತ್ತೆ, ಸಾಮಾನ್ಯವಾಗಿ 50 ಮೈಲಿ ವೇಗ ಮೀರುವಂತಿಲ್ಲ.

ದುಡ್ಡಿನ ವಿಷಯ. ಗುಂಡಿಯಿಂದಾದ ಹಾನಿಗೆ 2021ರಲ್ಲಿ ಅಮೆರಿಕದ ಚಾಲಕರು 2,650 ಕೋಟಿ ಡಾಲರ್ ತೆತ್ತರು, ಒಂದು ರಿಪೇರಿಗೆ ಸರಾಸರಿ 600 ಡಾಲರ್ ಹತ್ತಿರ ಅಂತ ಮೋಟಾರು ಸಂಘ ಎಎಎ ಅಂದಾಜಿಸಿತ್ತು. ವಿಮೆಯಲ್ಲಿ ಇದು ಕೊಲಿಷನ್ ಭಾಗಕ್ಕೆ ಬರುತ್ತೆ. ನಿಮ್ಮ ಡಿಡಕ್ಟಿಬಲ್ ಅದಕ್ಕಿಂತ ಹೆಚ್ಚಿದ್ದರೆ ಕ್ಲೇಮು ಮಾಡಿ ಪ್ರಯೋಜನವಿಲ್ಲ.

ಸರ್ಕಾರದಿಂದ ಪರಿಹಾರ ಕೇಳಬೇಕಾದರೆ ಮೊದಲು ರಸ್ತೆ ಯಾರದ್ದು ಅಂತ ತಿಳ್ಕೊಳ್ಳಿ. ನಾರ್ತ್ ಕ್ಯಾರೊಲೈನಾದಲ್ಲಿ ಕೌಂಟಿಗಳ ಕೈಯಲ್ಲಿ ರಸ್ತೆಗಳಿಲ್ಲ. ಸುಮಾರು 80,000 ಮೈಲಿ ರಸ್ತೆಯನ್ನು ರಾಜ್ಯವೇ ನೋಡಿಕೊಳ್ಳುತ್ತೆ. ವರ್ಜೀನಿಯಾದ ಫೇರ್‌ಫ್ಯಾಕ್ಸ್, ಲೌಡನ್ ಕೌಂಟಿಗಳಲ್ಲೂ ಬಹುತೇಕ ರಸ್ತೆ ರಾಜ್ಯ ಸಾರಿಗೆ ಇಲಾಖೆಯದ್ದು. ಡಿ.ಸಿ.ಯಲ್ಲಿ 6 ತಿಂಗಳೊಳಗೆ ಲಿಖಿತ ನೋಟಿಸ್ ಕೊಡಬೇಕು. ಜಾರ್ಜಿಯಾದ ನಗರಗಳಿಗೂ 6 ತಿಂಗಳೇ ಗಡುವು. ಇದು ವಕೀಲರ ಸಲಹೆಯಲ್ಲ, ನೆನಪಿಗೆ ಹೇಳಿದ್ದು. ಗುಂಡಿಯ ಫೋಟೋ, ಜಾಗ, ಸಮಯ, ರಿಪೇರಿ ಬಿಲ್ಲು ಎತ್ತಿಟ್ಟುಕೊಳ್ಳಿ. ಗುಂಡಿ ಇದೆ ಅಂತ ಮೊದಲೇ ಗೊತ್ತಿದ್ದೂ ಮುಚ್ಚಲಿಲ್ಲ ಅನ್ನೋದೇ ಇಂಥ ಅರ್ಜಿಗಳ ಮುಖ್ಯ ಅಂಶ ಆಗಿರುತ್ತೆ. ಅದಕ್ಕೇ ನಿಮಗೆ ಹಾನಿ ಆಗದಿದ್ದರೂ 311ಕ್ಕೆ ಒಂದು ದೂರು ಕೊಡಿ. ಮುಂದೆ ಅದೇ ಗುಂಡಿಗೆ ಬೀಳುವ ಯಾರಿಗೋ ಆ ದಾಖಲೆ ನೆರವಾಗಬಹುದು, ಅಥವಾ ಅವರು ಬೀಳುವ ಮೊದಲೇ ಗುಂಡಿ ಮುಚ್ಚಬಹುದು.

ಕೊನೆಗೆ, ಗುಂಡಿ ಕಂಡಾಗ ಏನು ಮಾಡೋದು? ತಪ್ಪಿಸಲು ಜಾಗ ಇಲ್ಲದಿದ್ದರೆ ಮುಂಚೆಯೇ ಬ್ರೇಕ್ ಒತ್ತಿ ವೇಗ ಇಳಿಸಿ, ಗುಂಡಿಗೆ ಇಳಿಯುವ ಹೊತ್ತಿಗೆ ಬ್ರೇಕ್ ಬಿಟ್ಟುಬಿಡಿ. ಒತ್ತಿಯೇ ಇದ್ದರೆ ಕಾರಿನ ಭಾರ ಮುಂದಕ್ಕೆ ವಾಲಿ, ಮುಂದಿನ ಸ್ಪ್ರಿಂಗು ಅದುಮಿಕೊಂಡು, ಹೊಡೆತ ನುಂಗಲು ಜಾಗ ಉಳಿಯಲ್ಲ. ನೀರು ನಿಂತ ಹೊಂಡವನ್ನು ಆಳ ಗೊತ್ತಿಲ್ಲದ ಗುಂಡಿ ಅಂತಲೇ ತಿಳಿಯಿರಿ.

ಮತ್ತೆ ಈ ವಾರ ಒಂದು ಕೆಲಸ: ಬೆಳಗ್ಗೆ ಕಾರು ಹೊರಡಿಸುವ ಮೊದಲು, ಟೈರು ತಣ್ಣಗಿರುವಾಗ, ನಾಲ್ಕೂ ಚಕ್ರದ ಗಾಳಿ ನೋಡಿ. ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಬರೆದಷ್ಟಿದೆಯಾ ಅಂತ. ಐದು ನಿಮಿಷದ ಕೆಲಸ, ನಿಮ್ಮ ರಿಮ್ಮಿಗೆ ಸಿಗುವ ಅತಿ ಅಗ್ಗದ ವಿಮೆ. ನಿಮ್ಮ ಊರಿನ ರಸ್ತೆ, ನಿಮ್ಮ ಚಕ್ರ ಏನು ಹೇಳುತ್ತಿದೆ ಅಂತ ನಮಗೂ ಬರೆದು ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಮತ್ತೆ ಸಿಗೋಣ.